ಒರೆಸಬೇಡ, ಒತ್ತು

ನಲವತ್ತೊಂದು ದಿನ ಕುರಿಗಳ ನಡುವೆ ಇದ್ದು ಬಂದೆ.
ಪೊರ್ವೆನೀರಿನಲ್ಲಿ ಬಾಗಿಲು ತೆರೆಯಲು ಭುಜ ಕೊಡಬೇಕು,
ಜಲಸಂಧಿಯ ಗಾಳಿ ಅದಕ್ಕೆ ಒರಗಿಕೊಂಡೇ ಇರುತ್ತದೆ
ಬಾಡಿಗೆ ಕೇಳಲು ಬಂದವನ ಹಾಗೆ.

ಒಳಗೆ ದಾಂಕಾ. ಏಳು ತಿಂಗಳು.
ನೋಡಿದಳು. ಗುರುತು ಸಿಗಲಿಲ್ಲ.
ಆದರೂ ಜೊಲ್ಲು ಸುರಿಸಿದಳು, ಧಾರಾಳವಾಗಿ;
ಅದರಲ್ಲಿ ನನಗೆಂದೇ ಮರ್ಯಾದೆ ಏನೂ ಇಲ್ಲ,
ಮೇಜಿನ ಕಾಲಿಗೂ ಬೆಕ್ಕಿಗೂ ರೇಡಿಯೋಗೂ
ಈ ವಾರವೆಲ್ಲ ಅದೇ ಸತ್ಕಾರವಂತೆ.

ಗಲ್ಲ ಕೆಂಪು. ತುಟಿಯ ಕೆಳಗೆ ಸಾಸಿವೆಯಷ್ಟು ಗುಳ್ಳೆ.
ಕತ್ತಿನ ಮಡಿಕೆಯಲ್ಲಿ, ಜೊಲ್ಲು ಇಳಿದು ನಿಲ್ಲುವಲ್ಲಿ,
ದಾರ ಬಿಗಿದು ಬಿಚ್ಚಿದಂಥ ಗೆರೆ.
ಅಂಗಿಯ ತೋಳಿನಿಂದ ಒರೆಸಹೋದೆ.
"ಒರೆಸಬೇಡ, ಒತ್ತು" ಎಂದಳು ಮಿರ್ನಾ,
ನರ್ಸಿನ ದನಿಯನ್ನೇ ಎರವಲು ತಂದು.
ಉಗುರುಬೆಚ್ಚನೆ ನೀರು, ಹಳೆಯ ಹತ್ತಿಬಟ್ಟೆ,
ಒತ್ತು, ಆರಲು ಬಿಡು, ಆಮೇಲೆ ಮುಲಾಮು
ಕಿಟಕಿಯ ಗಾಜಿಗೆ ಉಸಿರು ಕೂರುವಷ್ಟು ತೆಳ್ಳಗೆ.

ಅತ್ತೆ ಹೆಣೆದ ಉಣ್ಣೆಯ ಕೊರಳಪಟ್ಟಿ
ಗೂಟದಲ್ಲಿ ನೇತಾಡುತ್ತಿತ್ತು, ಸಿಕ್ಕಿಬಿದ್ದ ಕಳ್ಳನಂತೆ.
ಆ ಉಣ್ಣೆ ಹೋದ ವರ್ಷ ನಾನೇ ಕತ್ತರಿಸಿದ್ದು.
ಯಾರೂ ಏನೂ ಅನ್ನಲಿಲ್ಲ.
ನೆವೆಂಕಾ ಮಾತ್ರ, ನಮ್ಮ ಕಾಲದ ಮಕ್ಕಳ ಚರ್ಮ
ಇಷ್ಟು ನಾಜೂಕಾಗಿರಲಿಲ್ಲ ಎಂದು
ಒಲೆಯ ಮೇಲಿನ ಕೆಟಲಿಗೆ ಹೇಳಿದರು.

ರಾತ್ರಿ ಹತ್ತಕ್ಕೆ ಮಿರ್ನಾ ಏಡಿ ಕಾರ್ಖಾನೆಗೆ ಹೊರಟಳು.
ಹೊಸ್ತಿಲಲ್ಲಿ ನಿಂತು ಕೈ ತೋರಿಸಿದಳು:
ಗೆಣ್ಣುಗಳು ಬಿರುಕು, ಬಿರುಕಿನಲ್ಲಿ ಉಪ್ಪು.
"ಮುಟ್ಟಿದರೆ ಕಿರುಚುತ್ತಾಳೆ. ನನ್ನದು ಉಪ್ಪುಕಾಗದ.
ನೀನೇ ಹಚ್ಚು."

ನನ್ನ ಕೈ ನೋಡಿಕೊಂಡೆ.
ದಿನಕ್ಕೆ ನೂರೈವತ್ತು ಕುರಿ, ನಲವತ್ತೊಂದು ದಿನ.
ತುಪ್ಪಟದೊಳಗೆ ತುಪ್ಪವಿದೆ, ಹೊರಗಿನವರಿಗೆ ತಿಳಿಯದು;
ಹಂಗಾಮು ಮುಗಿಯುವ ಹೊತ್ತಿಗೆ
ಸೂಲಗಿತ್ತಿಯ ಕೈಯಾಗಿರುತ್ತದೆ ಕತ್ತರಿಯವನ ಕೈ.
ಷೆಡ್ಡಿನಲ್ಲಿ ಅದನ್ನೇ ಹೇಳಿ ನಗುತ್ತಾರೆ.
ಮೂರು ಸಲ ಸೋಪು ಹಾಕಿ ತೊಳೆದೆ,
ಕುರಿಯ ವಾಸನೆ ಹೋಗಲಿಲ್ಲ, ಮೆದುವೂ ಹೋಗಲಿಲ್ಲ.

ಎರಡು ಗಂಟೆಗೆ ಎದ್ದಳು.
ಅದು ಅಳುವಲ್ಲ, ದೂರು.
ಡಿಸೆಂಬರಿನ ಬೇಸಿಗೆ, ಆದರೂ ಒಲೆ ಉರಿಯುತ್ತಿತ್ತು.
ಬೋಳು ಬಲ್ಬಿನ ಕೆಳಗೆ ತೊಡೆಯ ಮೇಲೆ ಮಲಗಿಸಿಕೊಂಡೆ.

ಕತ್ತು, ಅದೇ ಕಷ್ಟದ ಜಾಗ.
ಕುರಿಗೂ ಅಲ್ಲೇ; ಚರ್ಮ ಮಡಿಸಿಕೊಂಡಿರುತ್ತದೆ,
ಎಡಗೈ ಎಳೆದು ಹಿಡಿಯದಿದ್ದರೆ
ಬಲಗೈ ರಕ್ತ ಕಾಣುತ್ತದೆ.
ನನ್ನ ಅಪ್ಪ ಕಲಿಸಿದ್ದು ಇಷ್ಟೇ: ಎಡಗೈಗೆ ಮೊದಲು ಬುದ್ಧಿ ಬರಬೇಕು.
ಎಡ ಹೆಬ್ಬೆರಳಿನಿಂದ ಮಡಿಕೆ ಬಿಡಿಸಿದೆ.
ಒತ್ತಿದೆ. ಕಾದೆ. ಮತ್ತೆ ಒತ್ತಿದೆ.
ಕೆಂಪು ಗೆರೆಯ ಮೇಲೆ ಬೆರಳು ಹೋಯಿತೋ ಇಲ್ಲವೋ
ನನಗೇ ಗೊತ್ತಾಗಲಿಲ್ಲ.
ದಾಂಕಾ ಸುಮ್ಮನೆ ಬಲ್ಬು ನೋಡುತ್ತಿದ್ದಳು
ಲೆಕ್ಕ ತಪ್ಪಿಹೋದವಳ ಹಾಗೆ.

ಆಮೇಲೆ ನನ್ನ ಹೆಬ್ಬೆರಳನ್ನು ಬಾಯಿಗೆ ಎಳೆದುಕೊಂಡಳು.
ಕುರಿಯೋ ಅಪ್ಪನೋ, ರುಚಿ ನೋಡಿದಳು.
ಒಸಡು, ಒಸಡು, ಒಸಡು,
ಅಲ್ಲೊಂದು ಕಡೆ ಅಕ್ಕಿನುಚ್ಚಿನಷ್ಟು ಗಟ್ಟಿ.
ಕಿಟಕಿಯ ಹೊರಗಿಟ್ಟಿದ್ದ ತಣ್ಣನೆ ಚಮಚ ತಂದು
ಮೆಲ್ಲಗೆ ತಾಗಿಸಿದೆ.
ಟಿಣ್.

ನಾಲ್ಕಕ್ಕೇ ಬೆಳಕಾಯಿತು. ನೆವೆಂಕಾ ಕೆಮ್ಮಿದರು.
ಆರಕ್ಕೆ ಮಿರ್ನಾ ಬಂದಳು, ಬೂಟು ಕಳಚದೆ ಕುರ್ಚಿಗೆ ಬಿದ್ದಳು.
"ನಿದ್ದೆ ಮಾಡಿದಳಾ?"
"ಸ್ವಲ್ಪ."
"ಕತ್ತು?"
"ನಿನ್ನೆಯಷ್ಟು ಕೆಂಪಿಲ್ಲ."
ಚಮಚದ ವಿಷಯ ಹೇಳಲಿಲ್ಲ.
ಒರೆಸಿ, ಗಂಜಿಯ ಬಟ್ಟಲಿನ ಪಕ್ಕ
ಅವಳ ಕೈಗೆ ಸಿಗುವ ಹಾಗೆ ಇಟ್ಟೆ.