ವರ್ಷಕ್ಕೊಂದರಂತೆ

ಮನಾಮದ ಗುದೈಬಿಯಾ, ಕೋಲ್ಡ್ ಸ್ಟೋರಿನ ಮೇಲಿನ ಕೋಣೆ,
ತಿಂಗಳ ಕೊನೆಗೆ ಖಾಲಿ ಮಾಡಬೇಕು.
ಕಬ್ಬಿಣದ ಕಪಾಟು ನಾಲ್ಕು, ಪುಸ್ತಕ ಆರುನೂರ ಚಿಲ್ಲರೆ,
ಹೊಸ ಜಾಗದಲ್ಲಿ ನಮಗೆ ಸಿಕ್ಕ ಗೋಡೆ ಒಂದೂವರೆ ಮೀಟರು.

ವರ್ಷಕ್ಕೊಂದು ಇಟ್ಟುಕೊಳ್ಳೋಣ, ಅಂದರು ವಾಮನ ಕೋಟ್ಯಾನರು.
ಲಿಫ್ಟ್ ರಿಪೇರಿಯವರು, ಎಲ್ಲವನ್ನೂ ಮಹಡಿಯ ಲೆಕ್ಕದಲ್ಲೇ ಯೋಚಿಸುವವರು:
ಮೂವತ್ತನೇ ಇಸವಿಯಿಂದ ಮೇಲಕ್ಕೆ ಹೊರಡುವುದು,
ಪ್ರತಿ ವರ್ಷ ನಿಂತು, ಒಬ್ಬರನ್ನೇ ಹತ್ತಿಸಿಕೊಂಡು, ಬಾಗಿಲು ಮುಚ್ಚುವುದು.

ಶುಕ್ರವಾರ ಜುಮ್ಮಾ ಮುಗಿಸಿ ಹಸನಬ್ಬ ಬಂದ,
ಕಂಕುಳಲ್ಲಿ ಕಾಗದ ಸುತ್ತಿದ ಬಿಸಿ ಖುಬ್ಬೂಸು.
ಫ್ಲೋಸಿಬಾಯಿ ರಾತ್ರಿಪಾಳಿಯ ಕಣ್ಣಲ್ಲೇ ಬಂದು
ಗೋಡೆಗೊರಗಿ ಕೂತರು.
ನಾನು ಲೆಕ್ಕ ಬರೆಯುವವಳು, ಲೆಡ್ಜರಿನಲ್ಲಿ ಗೆರೆ ಎಳೆದು
ಎಡಕ್ಕೆ ಇಸವಿ, ಬಲಕ್ಕೆ ಹೆಸರು,
ನಡುವೆ ಜಗಳಕ್ಕೆ ಒಂದಿಷ್ಟು ಜಾಗ ಬಿಟ್ಟೆ.

ನಲವತ್ತಮೂರು ಸುಲಭ, ಇದ್ದದ್ದೇ ಒಂದು.
ಯುದ್ಧಕಾಲದ ಕಾಗದ, ಹಪ್ಪಳದಂತೆ ಮುರಿಯುತ್ತದೆ;
ಅವಿರೋಧ ಆಯ್ಕೆಯಾದ ಪಂಚಾಯತಿ ಸದಸ್ಯನ ಹಾಗೆ
ಬಲು ಗಂಭೀರವಾಗಿ ಹೋಗಿ ಕೂತಿತು.

ಅರವತ್ತೈದಕ್ಕೆ ಏಳು.
ಆ ವರ್ಷ ಎಲ್ಲರೂ ಬರೆದಿದ್ದರು, ಎಲ್ಲರೂ ಸಿಟ್ಟಲ್ಲಿ ಬರೆದಿದ್ದರು.
ಹಸನಬ್ಬ ಒಂದನ್ನು ಎದೆಗೊತ್ತಿಕೊಂಡ:
ಇದರಲ್ಲಿ ನನ್ನ ಅಜ್ಜಿಯಂಥ ಅಜ್ಜಿ ಇದ್ದಾಳೆ.
ಅಜ್ಜಿ ಅಂದರೆ ವಿಮರ್ಶೆಯಲ್ಲಪ್ಪ, ಅಂದರು ವಾಮನರು.
ನಿಮ್ಮ ವಿಮರ್ಶೆ ಎಂದಾದರೂ ನೀರು ಹೊತ್ತಿದೆಯಾ?
ಕೇಳಿದ್ದು ಟ್ಯಾಂಕರ್ ಓಡಿಸುವವನು.
ಅಜ್ಜಿ ಗೆದ್ದಳು.

ಎಪ್ಪತ್ತೆಂಟು ಖಾಲಿ.
ಆ ವರ್ಷ ಯಾರೂ ಬರೆಯಲಿಲ್ಲವೆಂದಲ್ಲ, ಯಾರೂ ಹೊತ್ತು ತರಲಿಲ್ಲ.
ಚರಿತ್ರೆಯಲ್ಲಿ ಬಿಟ್ಟುಹೋದ ಜಾಗ
ಎಷ್ಟೋ ಸಲ ಬರೀ ವಿಮಾನದ ಬ್ಯಾಗಿನ ತೂಕ.

ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ನಾನು ಹುಟ್ಟಿದ ವರ್ಷದ್ದು ನನಗೆ ಒಂದೂ ಹಿಡಿಸಲಿಲ್ಲ.
ಆದರೂ ಒಂದನ್ನು ಬರೆದೆ, ಬಂಧುಗಳ ಹೆಸರು ಬರೆದ ಹಾಗೆ.

ಕೊನೆಗೆ ಉಳಿದದ್ದು ರಟ್ಟಿಲ್ಲದ್ದು.
ಹದಿನೇಳನೇ ಪುಟದಿಂದ ಶುರು, ಅದೂ ಅರ್ಧ ಮಾತಿನಿಂದ:
ಎಂದು ಹೇಳಿ ಅವಳು ದೋಣಿಯಿಂದ ಇಳಿದಳು.
ಏನೆಂದು ಹೇಳಿ? ಯಾರಿಗೆ?
ಹೆಸರಿಲ್ಲ, ಬರೆದವರಿಲ್ಲ, ಇಸವಿಯಿಲ್ಲ.
ಈ ಕೋಣೆಯಲ್ಲಿ ಅದನ್ನು ಎರಡು ಸಲ ಓದದವರೂ ಇಲ್ಲ.

ತೊಂಬತ್ತರಲ್ಲಿ ಕುವೈತಿನಿಂದ ಬಸ್ಸಲ್ಲಿ ತಂದದ್ದು,
ಅಂದರು ಫ್ಲೋಸಿಬಾಯಿ, ಕಣ್ಣು ಮುಚ್ಚಿಕೊಂಡೇ.
ಜೋರ್ಡಾನಿನ ಗಡಿಬಯಲಲ್ಲಿ ಎಂಟು ರಾತ್ರಿ.
ಪಕ್ಕದ ಟೆಂಟಿನ ಮಗುವಿಗೆ ಹಾಲುಪುಡಿ, ನೀರು ಕಾಯಿಸಬೇಕು.
ರಟ್ಟು ಬಸ್ಸಲ್ಲಿ ಬೀಸಣಿಗೆಯಾಗಿ ಹರಿದಿತ್ತು;
ಮೊದಲ ಹಾಳೆಗಳನ್ನು ಹಚ್ಚಿದೆ.
ಮುನ್ನುಡಿ ಚೆನ್ನಾಗಿ ಉರಿಯಿತು.

ಓದಿ ಹಚ್ಚಿದಿರಾ?
ಇಲ್ಲ. ಓದುವ ಬುದ್ಧಿ ಬಂದದ್ದು ಆಮೇಲೆ.

ಕಾಗದ ಮೂಸಿ ಐವತ್ತನಾಲ್ಕು ಇರಬೇಕು ಅಂದರು ವಾಮನರು.
ತೊಂಬತ್ತಕ್ಕೇ ಹಾಕಿ ಅಂದ ಹಸನಬ್ಬ.
ತೊಂಬತ್ತಕ್ಕೆ ಆಗಲೇ ಒಂದು ಹತ್ತಿ, ಬಾಗಿಲು ಮುಚ್ಚಿತ್ತು.
ಫ್ಲೋಸಿಬಾಯಿ ಏನೂ ಹೇಳಲಿಲ್ಲ. ನಿದ್ದೆ ಬಂದಿತ್ತು.

ಇಪ್ಪತ್ತಾರು ವರ್ಷ ಲೆಕ್ಕ ಬರೆದಿದ್ದೇನೆ,
ಒಂದು ಫಿಲ್ಸು ಆಚೀಚೆ ಹೋಗಿಲ್ಲ.
ಅವತ್ತು ಗೊತ್ತಿದ್ದೂ ತಪ್ಪು ಬರೆದೆ:
ಎಡಕ್ಕೆ ಎಪ್ಪತ್ತೆಂಟು,
ಬಲಕ್ಕೆ, ದೋಣಿಯಿಂದ ಇಳಿದವಳು.
ನೀಲಿ ಶಾಯಿ, ಕೆಳಗೆ ನನ್ನ ಸಹಿ.

ಉಳಿದ ಐನೂರು ಕೆಳಗಂಗಡಿಯ ಪೆಟ್ಟಿಗೆಗಳಿಗೆ ಇಳಿದವು,
ಮೇಲೆ ಬ್ರೆಜಿಲ್ ಕೋಳಿಯ ಚಿತ್ರ.
ಟೇಪು ಸುತ್ತುವಾಗ ವಾಮನರ ಕೈ ಒಳಗೆ ಹೋಗಿ
ಅರವತ್ತೈದರಲ್ಲಿ ಸೋತದ್ದೊಂದನ್ನು ಮೆಲ್ಲನೆ ಎತ್ತಿಕೊಂಡಿತು.
ನಾನು ಬೇರೆ ಕಡೆ ನೋಡಿದೆ;
ನನ್ನ ಚೀಲದಲ್ಲೂ ಆಗಲೇ ಮೂರಿದ್ದವು.
ಮೆಟ್ಟಿಲಿಳಿಯುವಾಗ ಎಲ್ಲರೂ ಒಂದು ಕಡೆಗೆ ವಾಲಿದ್ದೆವು.
ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ.