ನೂಲಿನೊಳಗೆ ನೂಲು

ಏಣೆಲು ಕೊಯ್ದ ಗದ್ದೆಗೆ ಸೌತೆಬಳ್ಳಿ ಹಬ್ಬಿಸಿದ
ಕಿನ್ನಿಗೋಳಿಯ ಸೆವ್ರಿನ್ ಬಾಯಿ
ಹಣೆಯ ಬೂದಿ ಒರೆಸದೆಯೇ ಮಂಗಳೂರಿನ ಬಸ್ಸು ಹತ್ತಿ ಬಂದು
ಒಂದು ಎಲೆಯನ್ನು ಮೇಜಿನ ಮೇಲಿಟ್ಟಳು:
"ನನಗೆ ವರ್ಷಕ್ಕೊಂದೇ ಬೂದಿ ಬುಧವಾರ,
ಇದಕ್ಕೆ ದಿನಾ."

ಎಲೆಯ ಮೇಲೆ ಬಿಳಿ ಹಿಟ್ಟು. ಊದಿದರೆ ಹಾರದು.
ನಾನು ಕಾಲೇಜಿನ ಪ್ರಯೋಗಾಲಯದ ಅಟೆಂಡರು.
ಗಾಜು ತೊಳೆಯುವುದು, ಬೀಗ ಹಾಕುವುದು ನನ್ನ ಕೆಲಸ;
ನೋಡುವುದು ಸಂಬಳದಲ್ಲಿ ಸೇರಿಲ್ಲ.
ಸೆಲೋಟೇಪು ಒತ್ತಿ ಕಿತ್ತು, ನೀಲಿಯ ಒಂದು ಹನಿ ಬಿಟ್ಟು
ಕೊಳವೆಗೆ ಕಣ್ಣು ಕೊಟ್ಟೆ.

ನೂಲು. ನೂಲಿನ ತುದಿಗೆ ಮಣಿಸರ.
ಎಲೆಯ ರಸ ಕುಡಿದು ಎದ್ದುನಿಂತ ಬೂದಿರೋಗ,
ನೂರು ಸಲ ಕಂಡದ್ದೇ.
ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ:
ನೂಲಿನೊಳಗೆ ಇನ್ನೊಂದು ನೂಲು.

ಅಂಟಿಕೊಂಡದ್ದಲ್ಲ, ಸುತ್ತಿಕೊಂಡದ್ದಲ್ಲ,
ಒಳಗೆ.
ಅಡ್ಡಗೋಡೆಯ ನಡುಗಿಂಡಿಯಲ್ಲಿ ನುಸುಳಿ
ಕೋಣೆಯಿಂದ ಕೋಣೆಗೆ ನಡೆದಿದೆ,
ದೀಪ ಹಚ್ಚದೆ, ಹೊಸಿಲಲ್ಲಿ ಚಪ್ಪಲಿ ಬಿಡದೆ.
ಗೋಡೆ ಎಲ್ಲೂ ಬಿರಿದಿಲ್ಲ.
ಹೊರಗಿನದು ಬೆಳೆಯುತ್ತಲೇ ಇದೆ
ಬೆಳೆಯುತ್ತಿರುವುದು ತಾನೇ ಎಂದುಕೊಂಡು
(ಅಂದುಕೊಂಡಿತೆಂಬುದು ನನ್ನ ಸೇರಿಕೆ;
ಅಣಬೆಯ ಸೋದರನಿಗೆ ಅಂದುಕೊಳ್ಳಲು ಏನಿದೆ).
ಮಣಿ ಕಟ್ಟಬೇಕಾದ ಕಡೆ ಮಾತ್ರ ಬಸುರು ಉಬ್ಬಿ
ಬೆಲ್ಲದ ಬಣ್ಣದ ಪುಟ್ಟ ಗಡಿಗೆ.
ತುಂಬ ಇನ್ನೊಬ್ಬರ ಮಕ್ಕಳು.

ತುಳುವಿನಲ್ಲಿ ವಿವರಿಸಿದೆ.
ಬಾಯಿ ಮನಸ್ಸಿನ ಕೊಂಕಣಿಯಲ್ಲಿ ಲೆಕ್ಕ ಹಾಕಿ
ತುಳುವಿನಲ್ಲೇ ಕೇಳಿದಳು:
"ಕಳ್ಳನ ಜೇಬಲ್ಲಿ ಕಳ್ಳ. ಸರಿ.
ಹಾಗಾದರೆ ಒಳಗಿನವನು ನಮ್ಮವನಾ?"
ಇಬ್ಬರ ಊಟವೂ ನಿನ್ನ ಎಲೆಯದ್ದೇ, ಅಂದೆ.
"ಗಂಧಕ ಹೊಡೆದರೆ?"
ಇಬ್ಬರೂ ಹೋದಾರು.

ಅವಳೂ ಬಹಳ ಹೊತ್ತು ಕೊಳವೆಯಲ್ಲಿ ನೋಡಿದಳು.
ಕಂಡದ್ದು ತನ್ನದೇ ರೆಪ್ಪೆ ಎಂದು ನನ್ನ ಅನುಮಾನ.
"ಪಾಪ" ಅಂದಳು.
ಯಾರಿಗೆ ಎಂದು ಕೇಳಲಿಲ್ಲ.

ಮರುವಾರ ಗದ್ದೆಗೆಲ್ಲ ಗಂಧಕ ಹೊಡೆಸಿ
ತೋಡಿನ ಬದಿಯ ಒಂದೇ ಸಾಲು ಬಿಟ್ಟಳಂತೆ.
ಯಾಕೆಂದರೆ, ಪಂಪಿನಲ್ಲಿ ಮುಗಿದಿತ್ತು, ಅಂದಳು.

ಮೇ ತಿಂಗಳಲ್ಲಿ ಹೋದಾಗ
ಅವಳ ಅಡುಗೆಮನೆಯ ಜಂತಿಯಿಂದ
ಬಾಳೆನಾರಿನ ಕುಣಿಕೆಗಳಲ್ಲಿ ಸೌತೆಕಾಯಿ ತೂಗುತ್ತಿದ್ದವು,
ಹಳದಿ, ಗೆರೆಗೆರೆ, ತಣ್ಣಗೆ.
ಯಾವುದು ಯಾವ ಸಾಲಿನದೆಂದು ಅವಳಿಗೂ ಗುರುತಿಲ್ಲ.
ಒಂದನ್ನು ಇಳಿಸಿ ಕೊಟ್ಟಳು, ಕೊದ್ದೆಲು ಮಾಡು ಎಂದು.

ಮನೆಗೆ ತಂದು, ಕತ್ತಿ ಇಡುವ ಮೊದಲು
ಬೆರಳಿನ ಗಿಣ್ಣಿನಿಂದ ಎರಡು ಸಲ ತಟ್ಟಿದೆ,
ಬಾಡಿಗೆಗೆ ಬಂದವರು ಇದ್ದಾರೋ ಇಲ್ಲವೋ ತಿಳಿಯದೆ
ಬಾಗಿಲು ತಟ್ಟುವ ಹಾಗೆ.