ಮಾಮೂಲಿ ಬಣ್ಣ

ನಂಜನಗೂಡಿನ ದಾರಿಯಲ್ಲಿ ನಲವತ್ತು ವರ್ಷ ಓಡಿ
ಈಗ ನಮ್ಮ ಮ್ಯೂಸಿಯಂ ಷೆಡ್ಡಿನಲ್ಲಿ ನಿಂತಿದೆ
ಒಂಟಿ ಡಬ್ಬಿಯ ಮೋಟಾರು ರೈಲು.
ಎಂಜಿನ್ನಿನ ಜಾಗದಲ್ಲಿ ಬೆಕ್ಕು ಮರಿ ಹಾಕಿದೆ.
ಬಣ್ಣಕ್ಕೆ ಹಣ ಮಂಜೂರಾಗಿದೆ.
ಯಾವ ಬಣ್ಣ, ಎಂದು ಕೇಳಿದ್ದಾರೆ ಮೇಲಿನವರು,
ಆಧಾರ ಸಮೇತ, ಶುಕ್ರವಾರದೊಳಗೆ.

ಆಧಾರ ನನ್ನ ಕೆಲಸ.
ಮಹಡಿಯ ಕೋಣೆಯಲ್ಲಿ ಹತ್ತೊಂಬತ್ತು ಬೀರು,
ನುಸಿಗುಳಿಗೆಯ ಗಾಳಿ, ಮೂಗಿಗೆ ಕಟ್ಟಿದ ಸೆರಗು.
ರಿಜಿಸ್ಟರು ಬಿಚ್ಚಿದರೆ ಸಣ್ಣಗೆ ಕೆಮ್ಮುತ್ತದೆ.
ಟಿಕೇಟಿಲ್ಲದೆ ಸಿಕ್ಕವರ ಪಟ್ಟಿ.
ಬಿಟ್ಟುಹೋದ ಸಾಮಾನು: ಕೊಡೆ ಹನ್ನೊಂದು,
ಎಡಗಾಲಿನ ಮೆಟ್ಟು ಒಂದು,
ಹಿತ್ತಾಳೆ ಡಬ್ಬಿ, ಒಳಗೆ ಉಪ್ಪಿಟ್ಟು.
ಅದನ್ನು ತಿಂದವನ ಹೆಸರೂ ಇದೆ, ವಿಚಾರಣೆಯೂ ಆಗಿದೆ.
ಇಷ್ಟೆಲ್ಲ ಬರೆದ ಕೈ
ಬಣ್ಣದ ಕಾಲಮಿನಲ್ಲಿ ಮಾತ್ರ, ಪ್ರತಿ ಮೂರನೇ ವರ್ಷ,
ದುಂಡಗೆ ಬರೆಯುತ್ತದೆ:
'ಬಳಿಯಲಾಯಿತು. ಮಾಮೂಲಿ ಬಣ್ಣ.'

ಎಲ್ಲರಿಗೂ ಗೊತ್ತಿದ್ದದ್ದನ್ನು
ಯಾರು ಬರೆದಿಡುತ್ತಾರೆ?
ಸಾರಿಗೆ ಉಪ್ಪೆಷ್ಟು ಎಂದು ನನ್ನಮ್ಮನೂ ಬರೆಯಲಿಲ್ಲ.

ಫೋಟೋ ಇವೆ, ಆರು. ಆರೂ ಕಪ್ಪು ಬಿಳುಪು.
ಪೇಟದವರು ಸಾಲಾಗಿ ನಿಂತು
ಡಬ್ಬಿಯನ್ನೇ ಮರೆಮಾಡಿದ್ದಾರೆ.

ಅಶೋಕಪುರಂನಿಂದ ಪುಟ್ಟಬಸವಯ್ಯ ಬಂದರು,
ಕಾರ್ಖಾನೆಯಲ್ಲಿ ಪೇಂಟರಾಗಿದ್ದವರು.
ಚಾಕುವಿನ ತುದಿಯಿಂದ ಕಿಟಕಿಯ ಕೆಳಗೆ
ರೂಪಾಯಿಯಗಲ ಕೆರೆದರು.
ಮೊದಲು ಕೆಂಪು. 'ಇದು ನಂದೇ' ಅಂದರು, ಕೊಂಚ ನಾಚಿ,
'ಅವಸರದಲ್ಲಿ ಹೊಡೆದಿದ್ದು, ಯಾರೋ ಮಂತ್ರಿ ಬರ್ತಾರೆ ಅಂತ.
ಬರಲೇ ಇಲ್ಲ.'
ಕೆಂಪಿನಡಿ ಬೂದಿ, ಬೂದಿಯಡಿ ಕೆನೆ,
ತುಕ್ಕೋ ಕಾವಿಯೋ ತಿಳಿಯದ ಒಂದು ಗೆರೆ,
ಅದರಡಿ ಹಸಿರು.
ಹಸಿರಿನಡಿ ಕಬ್ಬಿಣ.

ಹಸಿರು ಅಂದರೆ ಸಾಲದು.
ಷೇಡ್ ಕಾರ್ಡಿನಲ್ಲಿ ಹಸಿರೇ ಅರವತ್ತು.
'ಕತ್ತಲಲ್ಲಿ ಕೂತ ಎಣ್ಣೆಬಣ್ಣ ಹಳದಿಗೆ ತಿರುಗುತ್ತೆ,
ಇದನ್ನ ನಂಬಬೇಡಿ' ಎಂದರು ಪುಟ್ಟಬಸವಯ್ಯ.

ಒಂಟಿಕೊಪ್ಪಲಿನ ಸುಂದರವಲ್ಲಿಯವರನ್ನು ಕೇಳಿದೆವು.
ಎಂಬತ್ತಾರು. ಕಡಕೊಳದಿಂದ ದಿನಾ ಇದರಲ್ಲೇ
ಕಾಲೇಜಿಗೆ ಬಂದವರು.
ಕಾರ್ಡಿನತ್ತ ನೋಡಲೇ ಇಲ್ಲ.
'ಈರನಗೆರೆ ಬದನೇಕಾಯಿ' ಅಂದರು.
'ತೊಟ್ಟಲ್ಲ, ಕಾಯಿ. ಬಿಸಿಲು ಬಿದ್ದ ಮಗ್ಗುಲು.'
ಆಮೇಲೆ ಅಂಗೈ ಬಿಚ್ಚಿ ನೋಡಿಕೊಂಡು,
'ಹೊಸದಾಗಿ ಬಳಿದಾಗ ಸೀರೆಗೆ ಹತ್ತಿಬಿಟ್ಟಿತ್ತು.
ತುಂಬಾ ಬೈಸಿಕೊಂಡೆ.'

ದೇವರಾಜ ಮಾರುಕಟ್ಟೆಯಿಂದ ಅರ್ಧ ಕೆಜಿ ತಂದೆ.
ಒಂದೊಂದನ್ನೂ ಡಬ್ಬಿಯ ಮೈಗೆ ಹಿಡಿದು
ಕಣ್ಣು ಕಿರಿದುಮಾಡಿ, ನಾಲ್ಕನ್ನು ಪಕ್ಕಕ್ಕಿಟ್ಟು
ಐದನೆಯದಕ್ಕೆ ಸರಿಯಾಗಿ ಬಣ್ಣ ಕಲೆಸಿದರು.
ಉಳಿದದ್ದು ಅವರ ಮನೆಯ ಎಣ್ಣೆಗಾಯಿಗೆ ಹೋಯಿತು.

ಆಧಾರ ತರಕಾರಿ ಎಂದರೆ
ಕಡತ ವಾಪಸು ಬರುತ್ತದೆ. ಬರಲಿ.
ಆ ಹಳೆಯ ಕೈಬರಹದ ಕೆಳಗೆ, ಸ್ಕೇಲಿಟ್ಟು ಗೆರೆ ಎಳೆದು, ಬರೆದೆ:
'ಬಳಿಯಲಾಯಿತು. ಈರನಗೆರೆ ಬದನೆಯ ಹಸಿರು, ಬಿಸಿಲ ಮಗ್ಗುಲು.
ನೆನಪು ಸುಂದರವಲ್ಲಿ. ಕೈ ಪುಟ್ಟಬಸವಯ್ಯ.
ತಪ್ಪಿರಬಹುದು. ಎಡಗಡೆ ಮೂರನೇ ಕಿಟಕಿಯ ಕೆಳಗೆ
ಕೆರೆದ ಜಾಗ ಹಾಗೇ ಬಿಟ್ಟಿದೆ, ನೋಡಿಕೊಳ್ಳಿ.'

ಸಹಿಗೆ ಬಗ್ಗಿದವರ ಹೆಬ್ಬೆರಳು
ಹಾಳೆಯ ಅಂಚಿಗೆ ತಾಗಿತು, ಹಸಿ ಹಸಿರು.
ಅಯ್ಯಯ್ಯೋ, ಎಂದು ಪಂಚೆಯ ತುದಿಯಿಂದ
ಒರೆಸಹೊರಟ ಕೈಯನ್ನು ತಡೆದೆ.
ಆರಲಿ ಬಿಡಿ, ಅಂದೆ.
ಫ್ಯಾನು ಹಾಕಿದೆ.